ದ್ಯುತಿತಂತುವಿನ ತುದಿಯ ಗದ್ದಲ: ಟ್ರಾನ್ಸ್‌ಇಂಪೀಡನ್ಸ್ ವರ್ಧಕದೊಳಗೆ ಒಂದು ನೋಟ

2021ರಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನ ನಡೆದುದು ನಿಮಗೆ ನೆನಪಿರಬಹುದು. ಕೋವಿಡ್ ಕಾರಣದಿಂದ ಶಾಲೆ ಕಾಲೇಜುಗಳು ಮುಚ್ಚಿದ್ದವು. ಪಾಠಗಳೆಲ್ಲ ಮೊಬೈಲಿಗೆ ಬಂದಿದ್ದವು. ಆದರೆ ಮನೆಯಲ್ಲಿ ಸಂಕೇತ ಸಿಗದೆ ಮಕ್ಕಳು ಗುಡ್ಡದ ನೆತ್ತಿ ಹುಡುಕಿಕೊಂಡು ಹೋಗಬೇಕಾಗಿತ್ತು.

ಮಲೆನಾಡಿನ ಭೂರಚನೆ ರೇಡಿಯೊ ಅಲೆಗಳಿಗೆ ಅನುಕೂಲವಾದುದಲ್ಲ. ಗುಡ್ಡವೊಂದು ಅಡ್ಡ ಬಂದರೆ ಅದರ ಹಿಂದಿನ ಕಣಿವೆ ನೆರಳಿನಲ್ಲಿ ಉಳಿಯುತ್ತದೆ. ಮನೆಗಳಾದರೋ ಅಡಿಕೆ ತೋಟದ ಅಂಚಿನಲ್ಲಿ ಒಂದೊಂದಾಗಿ ಚದುರಿವೆ. ಇಂಥ ಕಡೆ ಬಾಗಿ ಬಳುಕಿ ಹೋಗಬಲ್ಲ ಗಾಜಿನ ಎಳೆ, ಎಂದರೆ ದ್ಯುತಿತಂತು, ಹೆಚ್ಚು ನಂಬಿಕೆಗೆ ಅರ್ಹವಾದ ದಾರಿ. ಗ್ರಾಮ ಪಂಚಾಯಿತಿಗಳಿಗೆ ತಂತು ಎಳೆಯುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಅದಕ್ಕೆ ಆಮೇಲೆ ಭಾರತ್‌ನೆಟ್ ಎಂಬ ಹೆಸರು ಬಂತು. ಅದರಲ್ಲಿ ಬಳಕೆಯಾದ ‘ಜಿಪಾನ್’ ತಂತ್ರಜ್ಞಾನವನ್ನು ನಮ್ಮ ದೇಶದ ಸಿ-ಡಾಟ್ ಸಂಸ್ಥೆಯೂ ಅಭಿವೃದ್ಧಿಪಡಿಸಿದೆ.

ತಂತು ಮನೆಗೆ ಬಂದಮೇಲೆ ಗೋಡೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಕೂರುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತು ತುಂಡಾಗಿ, ಜೋಡಣೆಯಾದ ಮೇಲೂ ಕೆಲವೊಮ್ಮೆ ಪೆಟ್ಟಿಗೆಯ ಕೆಂಪು ದೀಪ ಆರುವುದಿಲ್ಲ. ಲೈನ್‌ಮನ್ ಬಂದು ತಂತುವಿನ ತುದಿಗೆ ಮೀಟರು ಹಿಡಿದು ‘ಮೈನಸ್ 29 ಬರುತ್ತಿದೆ, ಮೈನಸ್ 27ಕ್ಕಿಂತ ಮೇಲಿರಬೇಕು’ ಎನ್ನುತ್ತಾನೆ. ಬೆಳಕು ಬರುತ್ತಲೇ ಇದೆ, ಆದರೂ ಪೆಟ್ಟಿಗೆಗೆ ಅದು ಸಾಲದು. ಈ ಮೈನಸ್ 27ರ ಗಡಿಯನ್ನು ಎಳೆದವರಾರು? ಉತ್ತರ ಪೆಟ್ಟಿಗೆಯೊಳಗಿನ ಟ್ರಾನ್ಸ್‌ಇಂಪೀಡನ್ಸ್ ವರ್ಧಕದಲ್ಲಿದೆ. ಅದರ ಒಳಬಾಗಿಲಲ್ಲಿ ಸದಾ ನಡೆಯುವ ಗದ್ದಲದ ಲೆಕ್ಕವನ್ನು ಹಂತಹಂತವಾಗಿ ಮಾಡೋಣ.

ಮೈನಸ್ 27 ಎಂದರೆ ಎಷ್ಟು ಬೆಳಕು?

ದ್ಯುತಿ ಸಾಮರ್ಥ್ಯವನ್ನು ಇಲ್ಲಿ ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಸೊನ್ನೆ ಡಿಬಿಎಂ ಎಂದರೆ 1 ಮಿಲಿವ್ಯಾಟ್. 10 ಡೆಸಿಬೆಲ್ ಇಳಿದರೆ ಸಾಮರ್ಥ್ಯ ಹತ್ತನೆಯ ಒಂದು ಭಾಗವಾಗುತ್ತದೆ, 3 ಡೆಸಿಬೆಲ್ ಇಳಿದರೆ ಅರ್ಧವಾಗುತ್ತದೆ. ಆದ್ದರಿಂದ ಮೈನಸ್ 30 ಡಿಬಿಎಂ ಎಂದರೆ 1 ಮೈಕ್ರೊವ್ಯಾಟ್, ಮೈನಸ್ 27 ಎಂದರೆ 2 ಮೈಕ್ರೊವ್ಯಾಟ್.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.984 ಮಾನಕದ ಪ್ರಕಾರ ಜಿಪಾನ್‌ನಲ್ಲಿ ಮನೆಯ ಕಡೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ವೇಗ ಸೆಕೆಂಡಿಗೆ 2.488 ಗಿಗಾಬಿಟ್. ಬಹುವಾಗಿ ಬಳಕೆಯಲ್ಲಿರುವ ‘ಬಿ ಪ್ಲಸ್’ ವರ್ಗದಲ್ಲಿ ಕೇಂದ್ರದಿಂದ ಕನಿಷ್ಠ +1.5 ಡಿಬಿಎಂ ಹೊರಡಬೇಕು, ಮನೆಯ ಪೆಟ್ಟಿಗೆ ಮೈನಸ್ 27ನ್ನೂ ಓದಬಲ್ಲದ್ದಾಗಿರಬೇಕು, ನಡುವಿನ ನಷ್ಟ 28 ಡೆಸಿಬೆಲ್ ಮೀರಬಾರದು.

ಒಂದು ಉದಾಹರಣೆ ನೋಡಿ. ಕೇಂದ್ರದಿಂದ 12 ಕಿಲೊಮೀಟರ್ ದೂರದ ಮನೆ. ಈ ತರಂಗಾಂತರದಲ್ಲಿ ತಂತುವಿನ ನಷ್ಟ ಕಿಲೊಮೀಟರಿಗೆ ಸುಮಾರು 0.25 ಡೆಸಿಬೆಲ್, ಒಟ್ಟು 3. ಒಂದು ತಂತುವಿನ ಬೆಳಕನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್‌ನಲ್ಲಿ ಸುಮಾರು 17.5. ಇಪ್ಪತ್ತು ಬೆಸುಗೆಗಳಿಗೆ 0.1ರಂತೆ 2. ನಾಲ್ಕು ಕನೆಕ್ಟರುಗಳಿಗೆ 0.5ರಂತೆ 2. ಎಲ್ಲ ಕೂಡಿ 24.5 ಡೆಸಿಬೆಲ್. ಅನುಮತಿಸಿದ 28ರಲ್ಲಿ 3.5 ಮಾತ್ರ ಕೈಯಲ್ಲಿ ಉಳಿಯಿತು. ಪ್ರತಿ ಮಳೆಗಾಲದ ತುಂಡು, ಹೊಸ ಬೆಸುಗೆ, ಕಂಬದ ಬಳಿ ಅತಿಯಾಗಿ ಬಾಗಿದ ಎಳೆ ಇವೆಲ್ಲ ಈ ಉಳಿತಾಯವನ್ನೇ ತಿನ್ನುತ್ತವೆ. ಹೀಗಾಗಿ ಗ್ರಾಹಕ ಪೆಟ್ಟಿಗೆ ಒಂದೆರಡು ಡೆಸಿಬೆಲ್ ಹೆಚ್ಚು ಸೂಕ್ಷ್ಮವಾಗಿದ್ದರೂ ಸಾಲಿನ ಕೊನೆಯ ಮನೆಗೆ ಅದು ದೊಡ್ಡ ವ್ಯತ್ಯಾಸ.

ಬೆಳಕಿನಿಂದ ವೋಲ್ಟೇಜಿಗೆ

ಪೆಟ್ಟಿಗೆಯೊಳಗೆ ಬೆಳಕು ಮೊದಲು ಒಂದು ಫೋಟೊಡಯೋಡಿನ ಮೇಲೆ ಬೀಳುತ್ತದೆ. ಪ್ರತಿ ವ್ಯಾಟಿಗೆ ಸುಮಾರು 0.9 ಆಂಪಿಯರ್ ಪ್ರವಾಹ ಹುಟ್ಟುತ್ತದೆ ಎಂದುಕೊಳ್ಳಿ. 2 ಮೈಕ್ರೊವ್ಯಾಟಿಗೆ ದೊರೆಯುವುದು ಸರಾಸರಿ 1.8 ಮೈಕ್ರೊಆಂಪಿಯರ್. ಈ ಕಿರುಪ್ರವಾಹವನ್ನು ವೋಲ್ಟೇಜ್ ಆಗಿ ಬದಲಾಯಿಸಬೇಕು.

ಅತಿ ಸರಳ ಉಪಾಯವೆಂದರೆ ಓಮನ ನಿಯಮ: ಪ್ರವಾಹವನ್ನು ಒಂದು ರೋಧಕದ ಮೂಲಕ ಹರಿಸುವುದು. 50 ಓಮ್ ರೋಧಕವಾದರೆ 90 ಮೈಕ್ರೊವೋಲ್ಟ್, 5000 ಓಮ್ ಆದರೆ 9 ಮಿಲಿವೋಲ್ಟ್. ದೊಡ್ಡ ರೋಧಕವೇ ಒಳ್ಳೆಯದು ಎನಿಸುತ್ತದೆ. ಆದರೆ ಫೋಟೊಡಯೋಡಿಗೂ ಅದರ ಮುಂದಿನ ಟ್ರಾನ್ಸಿಸ್ಟರಿಗೂ ಸ್ವಲ್ಪ ಧಾರಕತೆ ಇದ್ದೇ ಇರುತ್ತದೆ. ಎಲ್ಲ ಸೇರಿ 1 ಪಿಕೊಫ್ಯಾರಡ್ ಎನ್ನಿ. 5000 ಓಮ್ ಮತ್ತು 1 ಪಿಕೊಫ್ಯಾರಡ್ ಸೇರಿದರೆ ಮಂಡಲ ಸುಮಾರು 32 ಮೆಗಾಹರ್ಟ್ಸ್‌ವರೆಗೆ ಮಾತ್ರ ಸಂಕೇತವನ್ನು ಹಿಂಬಾಲಿಸಬಲ್ಲದು. ನಮಗೆ ಬೇಕಾದುದು ಬಿಟ್ ವೇಗದ ಸುಮಾರು 0.7ರಷ್ಟು, ಎಂದರೆ 1750 ಮೆಗಾಹರ್ಟ್ಸ್.

ಟ್ರಾನ್ಸ್‌ಇಂಪೀಡನ್ಸ್ ವರ್ಧಕದ ಜಾಣ್ಮೆ ಇಲ್ಲಿದೆ. ರೋಧಕವನ್ನು ನೆಲಕ್ಕೆ ಕಟ್ಟುವ ಬದಲು ಚಿಹ್ನೆ ತಿರುಗಿಸುವ ಒಂದು ವರ್ಧಕದ ಒಳಬಾಗಿಲು ಮತ್ತು ಹೊರಬಾಗಿಲುಗಳ ನಡುವೆ ಕಟ್ಟುತ್ತಾರೆ. ಒಳಬಾಗಿಲ ವೋಲ್ಟೇಜ್ ತುಸು ಏರಿದೊಡನೆ ಹೊರಬಾಗಿಲು ಅದರ ಹಲವು ಪಟ್ಟು ಇಳಿಯುತ್ತದೆ, ಪ್ರವಾಹವನ್ನು ರೋಧಕದ ಮೂಲಕ ತನ್ನತ್ತ ಎಳೆದುಕೊಳ್ಳುತ್ತದೆ. ಒಳಬಾಗಿಲು ಹೆಚ್ಚು ಕದಲುವುದೇ ಇಲ್ಲ. ಕದಲದಿದ್ದರೆ ಧಾರಕತೆಯನ್ನು ತುಂಬಿ ಬರಿದು ಮಾಡುವ ಕೆಲಸವೂ ಇಲ್ಲ. ವರ್ಧನೆ 54 ಆಗಿದ್ದರೆ ಒಳಗಿನಿಂದ ನೋಡುವಾಗ 5000 ಓಮ್ ರೋಧಕ ಅದರ 55ನೆಯ ಒಂದು ಭಾಗದಂತೆ, ಸುಮಾರು 91 ಓಮ್‌ನಂತೆ, ವರ್ತಿಸುತ್ತದೆ. 32 ಮೆಗಾಹರ್ಟ್ಸ್ 55 ಪಟ್ಟಾಗಿ ನಮಗೆ ಬೇಕಾದ 1750 ಆಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಒಂದಿದೆ. ವೇಗದ ಮಟ್ಟಿಗೆ ರೋಧಕ 91 ಓಮ್‌ನಂತೆ ಕಂಡರೂ ಅದರ ಗದ್ದಲ 5000 ಓಮ್‌ನದೇ. ಅದೇ ಈ ಮಂಡಲದ ದೊಡ್ಡ ಲಾಭ. ಏಕೆಂದು ನೋಡೋಣ.

ಮೂರು ಗದ್ದಲಗಳು

ಮೊದಲನೆಯದು ಬೆಳಕಿನದೇ ಗದ್ದಲ. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ತಗಡಿನ ಮಾಡಿನ ಕೆಳಗೆ ನಿಂತು ಮಳೆಯ ಸದ್ದು ಕೇಳಿ. ಮಳೆ ಒಂದೇ ಸಮನೆ ಸುರಿಯುತ್ತಿದ್ದರೂ ಅದು ಬಿಡಿ ಬಿಡಿ ಹನಿಗಳಾಗಿ ಬೀಳುವುದರಿಂದ ಸದ್ದು ಒರಟು. ವಿದ್ಯುತ್ ಪ್ರವಾಹವೂ ಬಿಡಿ ಎಲೆಕ್ಟ್ರಾನುಗಳ ಮಳೆಯೇ. ಇದನ್ನು 1918ರಲ್ಲಿ ವಾಲ್ಟರ್ ಷಾಟ್ಕಿ ವಿವರಿಸಿದ. ಇದಕ್ಕೆ ಷಾಟ್ ನಾಯ್ಸ್ ಎನ್ನುತ್ತಾರೆ.

ಎರಡನೆಯದು ರೋಧಕದ ಶಾಖದ ಗದ್ದಲ. ರೋಧಕದೊಳಗಿನ ಎಲೆಕ್ಟ್ರಾನುಗಳು ಉಷ್ಣತೆಯಿಂದಾಗಿ ಸದಾ ಅತ್ತಿತ್ತ ಓಡಾಡುತ್ತಿರುತ್ತವೆ. ಬೆಲ್ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದ, ಹ್ಯಾರಿ ನೈಕ್ವಿಸ್ಟ್ ಸಿದ್ಧಾಂತ ಒದಗಿಸಿದ. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಒಂದು ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಗದ್ದಲ ಪ್ರವಾಹದ ವರ್ಗವೆಂದರೆ ನಾಲ್ಕು ಗುಣಿಸು ಬೋಲ್ಟ್ಸ್‌ಮನ್ ನಿಯತಾಂಕ ಗುಣಿಸು ನಿರಪೇಕ್ಷ ಉಷ್ಣತೆ, ಭಾಗಿಸು ರೋಧ. ರೋಧ ಛೇದದಲ್ಲಿದೆ ಎಂಬುದನ್ನು ಗಮನಿಸಿ. ರೋಧ ದೊಡ್ಡದಾದಷ್ಟೂ ಗದ್ದಲ ಪ್ರವಾಹ ಕಡಿಮೆ. 300 ಕೆಲ್ವಿನ್‌ನಲ್ಲಿ 50 ಓಮ್‌ಗೆ ಇದು ಪ್ರತಿ ರೂಟ್ ಹರ್ಟ್ಸ್‌ಗೆ 18.2 ಪಿಕೊಆಂಪಿಯರ್, 5000 ಓಮ್‌ಗೆ 1.82. ರೋಧ ನೂರು ಪಟ್ಟಾದರೆ ಗದ್ದಲ ಹತ್ತನೆಯ ಒಂದಂಶ.

‘ಪ್ರತಿ ರೂಟ್ ಹರ್ಟ್ಸ್’ ಎಂಬ ವಿಚಿತ್ರ ಮಾನ ಏಕೆ? ಸಂಬಂಧವಿಲ್ಲದ ಗದ್ದಲಗಳು ಕೂಡುವಾಗ ಅವುಗಳ ಮೊತ್ತವಲ್ಲ, ವರ್ಗಗಳ ಮೊತ್ತ ಕೂಡುತ್ತದೆ. ಪಟ್ಟಿಯ ಅಗಲ ನಾಲ್ಕು ಪಟ್ಟಾದರೆ ಗದ್ದಲ ಎರಡು ಪಟ್ಟಾಗುತ್ತದೆ, ಅಷ್ಟೆ.

ಮೂರನೆಯದೇ ಈ ಲೇಖನದ ಮುಖ್ಯ ವಿಷಯ. ವರ್ಧಕದ ಮೊದಲ ಟ್ರಾನ್ಸಿಸ್ಟರಿಗೂ ತನ್ನದೇ ಗದ್ದಲವಿದೆ. ಅದನ್ನು ಒಳಬಾಗಿಲಲ್ಲಿ ಕೂತ ಒಂದು ಸಣ್ಣ ವೋಲ್ಟೇಜ್ ಎಂದು ಎಣಿಸುತ್ತಾರೆ. ಪ್ರತಿ ರೂಟ್ ಹರ್ಟ್ಸ್‌ಗೆ 1 ನ್ಯಾನೊವೋಲ್ಟ್ ಎಂದಿಟ್ಟುಕೊಳ್ಳಿ. ನಮ್ಮ ಸಂಕೇತ ಪ್ರವಾಹ, ಈ ಗದ್ದಲ ವೋಲ್ಟೇಜ್. ಇವೆರಡನ್ನು ಹೋಲಿಸುವುದು ಹೇಗೆ?

ಅಗಲ ಬಾಯಿಯ ಹಂಡೆಯೊಂದರಲ್ಲಿ ನೀರಿದೆ. ನೀರಿನ ಮಟ್ಟವನ್ನು ಒಂದು ಮಿಲಿಮೀಟರ್ ಏರಿಸಿ ಇಳಿಸಬೇಕು. ನಿಧಾನವಾಗಿ ಮಾಡಿದರೆ ಸಣ್ಣ ಹರಿವು ಸಾಕು. ಸೆಕೆಂಡಿಗೆ ಹತ್ತು ಸಲ ಮಾಡಬೇಕಾದರೆ ಒಳಕ್ಕೂ ಹೊರಕ್ಕೂ ರಭಸದ ಹರಿವು ಬೇಕು. ಹಂಡೆಯ ಬದಲು ಲೋಟವಾದರೆ ಅದೇ ಏರಿಳಿತಕ್ಕೆ ಅತ್ಯಲ್ಪ ಹರಿವು ಸಾಕು. ಇಲ್ಲಿ ಮಟ್ಟವೇ ವೋಲ್ಟೇಜ್, ಪಾತ್ರೆಯ ಅಗಲವೇ ಧಾರಕತೆ, ಹರಿವೇ ಪ್ರವಾಹ. ಟ್ರಾನ್ಸಿಸ್ಟರಿನ ಗದ್ದಲ ಒಳಬಾಗಿಲ ಮಟ್ಟವನ್ನು ಸದಾ ಅಲುಗಿಸುತ್ತಿರುತ್ತದೆ. ಅದಕ್ಕೆ ಬೇಕಾದ ಪ್ರವಾಹ ಫೀಡ್‌ಬ್ಯಾಕ್ ರೋಧಕದ ಮೂಲಕವೇ ಬರಬೇಕು. ಹೊರಬಾಗಿಲಿಗೆ ಈ ಪ್ರವಾಹಕ್ಕೂ ಬೆಳಕಿನಿಂದ ಹುಟ್ಟಿದ ಪ್ರವಾಹಕ್ಕೂ ಭೇದ ತಿಳಿಯದು.

ಹೀಗೆ ಗದ್ದಲ ವೋಲ್ಟೇಜ್ ಪ್ರವಾಹದ ವೇಷ ಧರಿಸುತ್ತದೆ. ಅದರ ಅಳತೆ: ಗದ್ದಲ ವೋಲ್ಟೇಜ್ ಗುಣಿಸು 2 ಪೈ ಗುಣಿಸು ಆವೃತ್ತಿ ಗುಣಿಸು ಒಟ್ಟು ಧಾರಕತೆ. ಮೊದಲಿನ ಎರಡು ಗದ್ದಲಗಳು ಎಲ್ಲ ಆವೃತ್ತಿಗಳಲ್ಲೂ ಸಮ. ಇದು ಮಾತ್ರ ಆವೃತ್ತಿಯೊಡನೆ ಏರುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ 1 ಪಿಕೊಫ್ಯಾರಡ್‌ಗೆ ಕೇವಲ 0.063 ಪಿಕೊಆಂಪಿಯರ್. 1750 ಮೆಗಾಹರ್ಟ್ಸ್‌ನಲ್ಲಿ 11 ಪಿಕೊಆಂಪಿಯರ್! ರೋಧಕದ 1.82ರ ಆರು ಪಟ್ಟು.

ಲೆಕ್ಕ ಮುಗಿಸೋಣ

ಸೊನ್ನೆಯಿಂದ 1750 ಮೆಗಾಹರ್ಟ್ಸ್‌ವರೆಗೆ ಕೂಡಿದರೆ ರೋಧಕದ ಗದ್ದಲ 76 ನ್ಯಾನೊಆಂಪಿಯರ್. ವರ್ಧಕದ್ದು ಆವೃತ್ತಿಯೊಡನೆ ಏರುವುದರಿಂದ ಅನುಕಲನದಲ್ಲಿ ಮೂರರ ವರ್ಗಮೂಲದಿಂದ ಭಾಗವಾಗಿ 266 ನ್ಯಾನೊಆಂಪಿಯರ್ ಬರುತ್ತದೆ. ವರ್ಗಗಳನ್ನು ಕೂಡಿ ಮೂಲ ತೆಗೆದರೆ ಒಟ್ಟು 276. ಷಾಟ್ ನಾಯ್ಸ್ ‘ಒಂದು’ ಬಿಟ್ ಬರುವಾಗಲೂ ಸುಮಾರು 45 ಮಾತ್ರ, ಅದನ್ನು ಕೂಡಿದರೂ ಮೊತ್ತ 280 ದಾಟುವುದಿಲ್ಲ. ಆದ್ದರಿಂದ ಬಿಟ್ಟುಬಿಡೋಣ.

ಜಿಪಾನ್‌ನಲ್ಲಿ ಸಾವಿರ ಕೋಟಿ ಬಿಟ್‌ಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪು ಆಗಬಾರದು. ಗಾಸ್ ಹಂಚಿಕೆಯ ಪ್ರಕಾರ, ‘ಸೊನ್ನೆ’ ಮತ್ತು ‘ಒಂದು’ ಮಟ್ಟಗಳ ನಡುವಿನ ಅಂತರದ ಅರ್ಧ ಭಾಗ ಗದ್ದಲದ 6.4 ಪಟ್ಟು ಇದ್ದರೆ ಇದು ಸಾಧ್ಯ. ಆ ಅರ್ಧ ಭಾಗವೇ ಸರಾಸರಿ ಪ್ರವಾಹ. 276ನ್ನು 6.4ರಿಂದ ಗುಣಿಸಿದರೆ 1.77 ಮೈಕ್ರೊಆಂಪಿಯರ್. 0.9ರಿಂದ ಭಾಗಿಸಿದರೆ 1.96 ಮೈಕ್ರೊವ್ಯಾಟ್. ಇದು ಮೈನಸ್ 27.1 ಡಿಬಿಎಂ!

ಲೈನ್‌ಮನ್ ಹೇಳಿದ ಗಡಿ ಎಲ್ಲಿಂದ ಬಂತೆಂದು ಈಗ ತಿಳಿಯಿತು. ನಾವು ಆರಿಸಿದ ಸಂಖ್ಯೆಗಳಿಗೆ ಗ್ರಾಹಕ ಗಡಿಯ ಮೇಲೆಯೇ ನಿಂತಿದೆ. ಒಂದಿಷ್ಟೂ ಮಿಗುತಾಯವಿಲ್ಲ. 2 ಮೈಕ್ರೊವ್ಯಾಟ್ ಎಂದರೆ ಪ್ರತಿ ಬಿಟ್‌ಗೆ ಸರಾಸರಿ ಸುಮಾರು 6000 ಫೋಟಾನುಗಳು. ಗದ್ದಲವೇ ಇಲ್ಲದ ಆದರ್ಶ ಗ್ರಾಹಕಕ್ಕೆ, ಬೆಳಕಿನ ಕ್ವಾಂಟಮ್ ಸ್ವಭಾವದ ಮಿತಿಯಲ್ಲಿ, ಸರಾಸರಿ 11 ಫೋಟಾನುಗಳು ಸಾಕಾಗಿದ್ದವು. ಉಳಿದುದೆಲ್ಲ ವರ್ಧಕದ ಗದ್ದಲವನ್ನು ಮೀರಿ ಕೂಗಲು ಖರ್ಚಾಗುತ್ತಿದೆ.

ಈಗ ಒಟ್ಟು ಧಾರಕತೆಯನ್ನು ಅರ್ಧ ಪಿಕೊಫ್ಯಾರಡ್‌ಗೆ ಇಳಿಸಿ, ಬೇರೇನನ್ನೂ ಬದಲಿಸಬೇಡಿ. ವರ್ಧಕದ ಪಾಲು 133ಕ್ಕೆ ಇಳಿಯುತ್ತದೆ, ಒಟ್ಟು ಗದ್ದಲ 153. ಬೇಕಾಗುವ ಬೆಳಕು 1.09 ಮೈಕ್ರೊವ್ಯಾಟ್, ಎಂದರೆ ಮೈನಸ್ 29.6 ಡಿಬಿಎಂ. ಲಾಭ ಎರಡೂವರೆ ಡೆಸಿಬೆಲ್. ಕಿಲೊಮೀಟರಿಗೆ 0.25ರಂತೆ ಇದು 10 ಕಿಲೊಮೀಟರ್ ತಂತುವಿಗೆ ಸಮ. ಸಾಗರದಿಂದ ಕೆಳದಿಗೆ ಹೋಗುವ ದಾರಿಗಿಂತಲೂ ಉದ್ದ! ಬರಿಗಣ್ಣಿಗೆ ಕಾಣದ ಅರ್ಧ ಪಿಕೊಫ್ಯಾರಡ್‌ಗೆ ಇಷ್ಟು ಬೆಲೆ.

ಎರಡು ಸಾಮಾನ್ಯ ತಪ್ಪುಗಳು

‘ಒಳಬಾಗಿಲ ಗದ್ದಲ’ ಎಂದರೆ ಒಳಬಾಗಿಲಲ್ಲಿ ಮೀಟರು ಇಟ್ಟು ಅಳೆಯುವ ವಸ್ತುವಲ್ಲ. ಹೊರಬಾಗಿಲಲ್ಲಿ ಕಂಡ ಗದ್ದಲವನ್ನು ಉಂಟುಮಾಡಲು ಒಳಗೆ ಎಷ್ಟು ಪ್ರವಾಹ ಬೇಕಾಗುತ್ತಿತ್ತು ಎಂಬ ಲೆಕ್ಕ ಅದು. ಹೀಗೆ ಒಳಕ್ಕೆ ವರ್ಗಾಯಿಸಿಕೊಂಡರೆ ಮಾತ್ರ ಫೋಟೊಡಯೋಡಿನ ಪ್ರವಾಹದೊಡನೆ ನೇರವಾಗಿ ಹೋಲಿಸಬಹುದು. ಇಲ್ಲಿ ಎರಡು ತಪ್ಪುಗಳು ಆಗುವುದುಂಟು.

ಒಂದು, ಕಡಿಮೆ ಆವೃತ್ತಿಯ ಗದ್ದಲವನ್ನು ಹಿಡಿದು ಪಟ್ಟಿ ಅಗಲದ ವರ್ಗಮೂಲದಿಂದ ಗುಣಿಸುವುದು. ನಮ್ಮ ಉದಾಹರಣೆಯಲ್ಲಿ 10 ಮೆಗಾಹರ್ಟ್ಸ್‌ನ 1.82ನ್ನು ಹೀಗೆ ಗುಣಿಸಿದರೆ 76 ನ್ಯಾನೊಆಂಪಿಯರ್ ಬರುತ್ತದೆ. ನಿಜವಾದುದು 276. ಇಡೀ ಪಟ್ಟಿಯ ಮೇಲಿನ ಸರಾಸರಿ 6.6. ಹಾಳೆಯಲ್ಲಿ ನಮೂದಿಸಿದ ಅಂಕಿ ಯಾವ ಬಗೆಯದೆಂದು ಮೊದಲು ಕೇಳಬೇಕು.

ಇನ್ನೊಂದು, ಒಳಬಾಗಿಲ ಗದ್ದಲದ ವಕ್ರರೇಖೆಯನ್ನು ಅನಂತದವರೆಗೆ ಅನುಕಲಿಸುವುದು. ಅದು ಏರುತ್ತಲೇ ಹೋಗುವ ರೇಖೆಯಾದ್ದರಿಂದ ಉತ್ತರವೂ ಅನಂತ. ಸರಿಯಾದ ಕ್ರಮವೆಂದರೆ ಹೊರಬಾಗಿಲ ಒಟ್ಟು ಗದ್ದಲವನ್ನು ಅಳೆದು ವರ್ಧಕದ ಮಧ್ಯಪಟ್ಟಿಯ ಗಳಿಕೆಯಿಂದ ಭಾಗಿಸುವುದು. ಮೇಲಿನ ಆವೃತ್ತಿಗಳನ್ನು ಮಂಡಲವೇ ತಡೆದಿರುತ್ತದೆ. ನಾವು 1750 ಮೆಗಾಹರ್ಟ್ಸ್‌ನಲ್ಲಿ ನಿಲ್ಲಿಸಿದ್ದು ಇದರ ಸರಳ ರೂಪ.

ಗದ್ದಲ ತಗ್ಗಿಸುವ ಬಗೆ

ಫೀಡ್‌ಬ್ಯಾಕ್ ರೋಧಕವನ್ನು ಹೆಚ್ಚಿಸುತ್ತ ಹೋಗಬಾರದೇಕೆ? ಹೆಚ್ಚಿಸಿದಷ್ಟೂ ವರ್ಧನೆಯೂ ಹೆಚ್ಚಬೇಕು. ನಮ್ಮ ಉದಾಹರಣೆಗೇ ಸುಮಾರು 96 ಗಿಗಾಹರ್ಟ್ಸ್ ಗಳಿಕೆ-ಪಟ್ಟಿ ಗುಣಲಬ್ಧ ಬೇಕು. ಇದಲ್ಲದೆ ವರ್ಧಕದ ಪಾಲೇ ದೊಡ್ಡದಾಗಿರುವಾಗ ರೋಧಕವನ್ನು ಹಿಗ್ಗಿಸಿ ದೊರೆಯುವ ಲಾಭ ಕಡಿಮೆ.

ಟ್ರಾನ್ಸಿಸ್ಟರನ್ನು ದೊಡ್ಡದು ಮಾಡಿದರೆ ಅದರ ಗದ್ದಲ ವೋಲ್ಟೇಜ್ ಇಳಿಯುತ್ತದೆ, ಆದರೆ ಧಾರಕತೆ ಏರುತ್ತದೆ. ಫೋಟೊಡಯೋಡಿನ ಧಾರಕತೆಗೂ ಟ್ರಾನ್ಸಿಸ್ಟರಿನ ಧಾರಕತೆಗೂ ಹೆಚ್ಚು ಅಂತರವಿಲ್ಲದಾಗ ಹದವಾದ ಫಲ ಸಿಗುತ್ತದೆ. ಫೋಟೊಡಯೋಡನ್ನು ಚಿಕ್ಕದಾಗಿಸಿ, ಅದಕ್ಕೆ ಹಿಮ್ಮುಖ ವೋಲ್ಟೇಜ್ ಕೊಟ್ಟು, ವರ್ಧಕದ ಚಿಪ್ಪನ್ನು ಅದೇ ಪುಟ್ಟ ಲೋಹದ ಡಬ್ಬಿಯಲ್ಲಿ ಪಕ್ಕದಲ್ಲೇ ಕೂರಿಸುವುದು ಇದಕ್ಕಾಗಿಯೇ. ನಡುವಿನ ತಂತಿಯ ಪ್ರತಿ ಮಿಲಿಮೀಟರೂ ಧಾರಕತೆಯೇ.

ಇನ್ನೊಂದು ದಾರಿ ಅವಲಾಂಚ್ ಫೋಟೊಡಯೋಡ್. ಇದರಲ್ಲಿ ಒಂದು ಎಲೆಕ್ಟ್ರಾನ್ ಇತರವನ್ನು ಎಬ್ಬಿಸಿ, ವರ್ಧಕವನ್ನು ತಲುಪುವ ಮೊದಲೇ ಪ್ರವಾಹ ಸುಮಾರು ಹತ್ತು ಪಟ್ಟಾಗುತ್ತದೆ. ಆದರೆ ಈ ಗುಣಾಕಾರವೂ ಯಾದೃಚ್ಛಿಕ. ಅದು ಷಾಟ್ ನಾಯ್ಸನ್ನು ಇನ್ನೂ ಹೆಚ್ಚು ಹಿಗ್ಗಿಸುತ್ತದೆ. ಆದ್ದರಿಂದ ಇಲ್ಲಿಯೂ ಹದ ಬೇಕು. ಜಿಪಾನ್ ಪೆಟ್ಟಿಗೆಗಳಲ್ಲಿ ಇಂಥ ಡಯೋಡುಗಳ ಬಳಕೆ ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಸಿಗದ ಮಿಗುತಾಯ ಅವುಗಳಿಂದ ಸಿಗುತ್ತದೆ.

ವೇಗ ಹೆಚ್ಚಿದಂತೆ ಪಾಡು ಕಠಿಣ. ರೋಧಕದ ಗದ್ದಲ ಪಟ್ಟಿ ಅಗಲದ ವರ್ಗಮೂಲದಂತೆ ಏರಿದರೆ, ವರ್ಧಕದ್ದು ಪಟ್ಟಿ ಅಗಲದ ಘನದ ವರ್ಗಮೂಲದಂತೆ ಏರುತ್ತದೆ. ಹತ್ತು ಗಿಗಾಬಿಟ್‌ನ ಹೊಸ ಜಾಲಗಳಲ್ಲಿ ವೇಗ ನಾಲ್ಕು ಪಟ್ಟು. ಧಾರಕತೆಯೂ ಟ್ರಾನ್ಸಿಸ್ಟರೂ ಹಾಗೇ ಉಳಿದರೆ ವರ್ಧಕದ ಗದ್ದಲ ಎಂಟು ಪಟ್ಟು, ಎಂದರೆ 9 ಡೆಸಿಬೆಲ್ ಹೆಚ್ಚು ಬೆಳಕು ಬೇಕು.

ತರಗತಿಯಲ್ಲೊಂದು ಪ್ರಯೋಗ

ಗಿಗಾಹರ್ಟ್ಸ್ ಉಪಕರಣ ನಮ್ಮ ಕಾಲೇಜುಗಳಲ್ಲಿ ಸಿಗುವುದಿಲ್ಲ. ಆದರೆ ಇದೇ ಭೌತವಿಜ್ಞಾನವನ್ನು ಕಿವಿಗೆ ಕೇಳಿಸಬಹುದು. ಟಿಎಲ್ 072 ಆಪ್-ಆಂಪ್, ಬಿಪಿಡಬ್ಲ್ಯು 34 ಫೋಟೊಡಯೋಡ್ ತೆಗೆದುಕೊಳ್ಳಿ. ಮೊದಲ ಆಪ್-ಆಂಪ್‌ಗೆ 1 ಮೆಗಾಓಮ್ ಫೀಡ್‌ಬ್ಯಾಕ್ ರೋಧಕ, ಅದಕ್ಕೆ ಸಮಾಂತರವಾಗಿ ಸ್ಥಿರತೆಗಾಗಿ 10 ಪಿಕೊಫ್ಯಾರಡ್ ಧಾರಕ. ಎರಡನೆಯ ಆಪ್-ಆಂಪ್‌ನಿಂದ ನೂರು ಪಟ್ಟು ವರ್ಧಿಸಿ ಕಂಪ್ಯೂಟರಿನ ಸ್ಪೀಕರಿಗೆ ಕೊಡಿ. 9 ವೋಲ್ಟಿನ ಎರಡು ಬ್ಯಾಟರಿ ಸಾಕು. ಇಡೀ ಮಂಡಲವನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಮಂಡಲದ ನೆಲಕ್ಕೆ ಜೋಡಿಸಿ. ಇಲ್ಲದಿದ್ದರೆ ವಿದ್ಯುತ್ ದೀಪಗಳ ಗುಂಯ್ ಸದ್ದೇ ಎಲ್ಲವನ್ನೂ ನುಂಗುತ್ತದೆ.

ಕತ್ತಲಲ್ಲಿ ಮೃದುವಾದ ‘ಸುಯ್’ ಸದ್ದು ಕೇಳಿಸುತ್ತದೆ. ಅದರಲ್ಲಿ ಹೆಚ್ಚಿನ ಪಾಲು ರೋಧಕದ ಶಾಖದ ಗದ್ದಲ. ಈಗ ಫೋಟೊಡಯೋಡಿಗೆ ಸಮಾಂತರವಾಗಿ 1000 ಪಿಕೊಫ್ಯಾರಡ್ ಧಾರಕವೊಂದನ್ನು ಸೇರಿಸಿ. ಸದ್ದು ಜೋರಾಗುತ್ತದೆ, ಜೊತೆಗೆ ಹರಿತವೂ ಆಗುತ್ತದೆ. 10 ಕಿಲೊಹರ್ಟ್ಸ್‌ನಲ್ಲಿ ವರ್ಧಕದ ಪಾಲು ಮೊದಲು ಸುಮಾರು 0.1 ಪಿಕೊಆಂಪಿಯರ್ ಇದ್ದುದು ಈಗ 1.2 ಆಗಿದೆ. ರೋಧಕದ್ದು 0.13ರಲ್ಲೇ ಇದೆ. ಇನ್ನು ಮುಚ್ಚಳ ತೆರೆದು, ಮಿನುಗುವ ಎಲ್‌ಇಡಿಯನ್ನು ದೂರದಿಂದ ತೋರಿಸಿ. ಧಾರಕ ಇದ್ದರೂ ಇಲ್ಲದಿದ್ದರೂ ಸಂಕೇತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಧಾರಕತೆ ಸಂಕೇತವನ್ನು ಕದಿಯಲಿಲ್ಲ, ಗದ್ದಲವನ್ನು ಬೆಳೆಸಿತು. ಈ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಮನದಟ್ಟಾದರೆ ಪ್ರಯೋಗ ಸಾರ್ಥಕ.

ಇನ್ನೊಮ್ಮೆ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿದರೆ, ಮೀಟರಿನ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಎಷ್ಟಿತ್ತು, ದುರಸ್ತಿಯ ನಂತರ ಎಷ್ಟಾಯಿತು? ಎರಡು ಡೆಸಿಬೆಲ್ ಕಳೆದುಹೋಗಿದ್ದರೆ ಎಲ್ಲೋ ಒಂದು ಬೆಸುಗೆ ಸರಿಯಿಲ್ಲ, ಇಲ್ಲವೇ ಎಳೆ ಅತಿಯಾಗಿ ಬಾಗಿದೆ. ವರ್ಧಕದ ಗದ್ದಲವನ್ನು ನಾವು ಬದಲಿಸಲಾರೆವು, ಅದು ಕಾರ್ಖಾನೆಯಲ್ಲೇ ನಿಶ್ಚಯವಾಗಿದೆ. ಆದರೆ ಅದರ ಎದುರು ನಿಲ್ಲಬೇಕಾದ ಬೆಳಕನ್ನು ದಾರಿಯಲ್ಲಿ ಪೋಲಾಗದಂತೆ ಉಳಿಸಿಕೊಳ್ಳಬಹುದು. ಅಂಕಿಯ ಅರ್ಥ ತಿಳಿದವರು ‘ನೆಟ್ ಬರುತ್ತಿಲ್ಲ’ ಎನ್ನುವ ಬದಲು ‘ಎರಡು ಡೆಸಿಬೆಲ್ ಎಲ್ಲಿ ಹೋಯಿತು?’ ಎಂದು ಕೇಳಬಲ್ಲರು. ಆ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ.